ಕೆಡದ ಕಾಲಿಗೆ ರಿಪೇರಿ ಮಾಡುವ ಕಾಲಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾಜಿ ಸೈನಿಕರ ಆಸ್ಪತ್ರೆಯ ಹಿಂಬದಿಯ ಶೆಡ್ಡಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ಮಂಡಿಯೂರಿ ಕುಳಿತ ಕಾಲಣ್ಣ ಕೃತಕ ಕಾಲೊಂದರ ಅಂಚನ್ನು ಸ್ಯಾಂಡ್‌ಪೇಪರಿನಿಂದ ಉಜ್ಜುತ್ತಿದ್ದಾರೆ. ಉಜ್ಜಲು ಅಲ್ಲೇನೂ ಉಳಿದಿಲ್ಲ, ಅಂಚು ಆಗಲೇ ನುಣ್ಣಗಾಗಿದೆ. ಎದುರಿನ ಕುರ್ಚಿಯಲ್ಲಿರುವುದು ನಲವತ್ತರ ಆಸುಪಾಸಿನ ಮಾಜಿ ಸೈನಿಕ. ಪಡೆಯಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದರು, ಹಾಗಾಗಿ ಎಲ್ಲರ ಬಾಯಲ್ಲೂ ‘ವೈರ್‌ಲೆಸ್’ ಆಗಿಯೇ ಉಳಿದಿದ್ದಾರೆ.

“ಇಲ್ಲಿ ಒತ್ತುತ್ತಾ?”

“ಹೂಂ, ಸ್ವಲ್ಪ.”

“ಇಲ್ಲಿ?”

“ಅಲ್ಲೂ ಸ್ವಲ್ಪ.”

“ಕಾಲು ಒತ್ತುತ್ತಿಲ್ಲ ಸರ್. ನಿಮಗೆ ಹನ್ನೊಂದು ಗಂಟೆ ಒತ್ತುತ್ತಿದೆ,” ಎನ್ನುತ್ತಾರೆ ಕಾಲಣ್ಣ, ತಲೆ ಎತ್ತದೆ.

ಹನ್ನೊಂದಕ್ಕೆ ವೈರ್‌ಲೆಸ್ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ನೆಲಬಾಂಬು ಸಿಡಿದು ಅವರ ಎಡಗಾಲು ಹೋದದ್ದು ಮಂಡಳಿಗೆ ಗೊತ್ತು. ಅದೇ ಸ್ಫೋಟದಲ್ಲಿ ಸೊಂಟದ ಕೆಳಗಿನ ನರಗಳಿಗೂ ಪೆಟ್ಟು ಬಿದ್ದು ನಿಮಿರುವಿಕೆಯ ತೊಂದರೆ ಶುರುವಾದದ್ದನ್ನು ಮಾತ್ರ ಅವರು ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ಮಂಡಳಿ ಕರೆದು ಕೇಳಿದಾಗಲೂ “ಕಾಲು ನೋವು ಅಷ್ಟೇ ಸರ್” ಎಂದು ಸೆಲ್ಯೂಟ್ ಹೊಡೆದು ಹೊರಗೆ ಬಂದರು. ಬೆಟ್ಟದಾಚೆಗೆ ಸಂದೇಶ ಮುಟ್ಟಿಸುತ್ತಿದ್ದ ಮನುಷ್ಯನಿಗೆ ಮೇಜಿನಾಚೆಗೆ ಒಂದು ಮಾತು ದಾಟಿಸಲು ಆಗಲಿಲ್ಲ.

ಈಗ ಆಸ್ಪತ್ರೆಯ ಮೇಲಿನ ಮಹಡಿಯ ಡಾಕ್ಟರ್ ಪರೀಕ್ಷೆ ಮಾಡಿ ವರದಿ ಬರೆದಿದ್ದಾರೆ. ಆದರೆ ಅನುಭವಿಸಿದವರೇ ಬಾಯಿಬಿಟ್ಟು ಹೇಳದೆ ಮಂಡಳಿ ಒಪ್ಪುವುದಿಲ್ಲ. ಒಪ್ಪಿದರೆ ಅದೂ ಸೇವೆಯಲ್ಲಿ ಆದ ಗಾಯ ಎಂದು ದಾಖಲಾಗುತ್ತದೆ, ಚಿಕಿತ್ಸೆಯ ಖರ್ಚು ಸರ್ಕಾರದ್ದಾಗುತ್ತದೆ, ಅಂಗವೈಕಲ್ಯದ ಪಿಂಚಣಿಯೂ ಹೆಚ್ಚುತ್ತದೆ. ಇವತ್ತೂ ಬಾಯಿಗೆ ಬೀಗ ಬಿದ್ದರೆ ಕಡತ ಮುಚ್ಚಿದಂತೆಯೇ.

ಕಾಲಣ್ಣ ಡಾಕ್ಟರೂ ಅಲ್ಲ, ಸೈನಿಕರೂ ಅಲ್ಲ. ಮೂಲತಃ ಬಡಗಿ. ಇಪ್ಪತ್ತು ವರ್ಷಗಳ ಹಿಂದೆ ವಾರ್ಡಿನ ಮುರುಕು ಕುರ್ಚಿಗಳನ್ನು ಸರಿಮಾಡಲು ಬಂದವರು ಇಲ್ಲೇ ಉಳಿದುಬಿಟ್ಟರು. “ಆಗ ಕುರ್ಚಿಗೆ ಕಾಲು ಕೂರಿಸ್ತಿದ್ದೆ, ಈಗ ಮನುಷ್ಯರಿಗೆ. ವ್ಯತ್ಯಾಸ ಏನಂದ್ರೆ, ಕುರ್ಚಿ ವಾಪಸ್ ಬಂದು ದೂರು ಹೇಳ್ತಿರಲಿಲ್ಲ,” ಎಂದು ನಗುತ್ತಾರೆ. ದಿನಕ್ಕೆ ಎಂಟು ಹತ್ತು ಮಂದಿ ಬರುತ್ತಾರೆ. ಪಟ್ಟಿ ಸಡಿಲವಾದವರು, ಮೊಣಕಾಲ ಕೀಲು ಕಿರುಗುಟ್ಟುವವರು, ತೂಕ ಇಳಿದು ಕಾಲು ಜಾರುವವರು. ಇವರ ನಡುವೆ ಏನೂ ಕೆಡದ ಕಾಲು ಹೊತ್ತು ಮತ್ತೆ ಮತ್ತೆ ಬರುವವರೂ ಇರುತ್ತಾರೆ.

ಅಂಥವರಲ್ಲಿ ಮೊದಲಿಗರು ಒಬ್ಬ ಹಳೆಯ ಫಿರಂಗಿ ಸೈನಿಕ. ಕಾಲು ಒತ್ತುತ್ತದೆ ಎಂದು ಬಂದರು, ಹೋದರು, ಮತ್ತೆ ಬಂದರು. ಕಾಲಣ್ಣನಿಗೆ ತಲೆ ಕೆಟ್ಟುಹೋಗಿತ್ತು. ಮೂರನೆಯ ಸಲ ಬಂದವರು, ಕೆಳಗೆ ಬಗ್ಗಿದ್ದ ಇವರ ನೆತ್ತಿಯನ್ನೇ ನೋಡುತ್ತಾ ಇದ್ದಕ್ಕಿದ್ದಂತೆ ಇಂಥದ್ದೇ ತಮ್ಮ ತೊಂದರೆಯನ್ನೆಲ್ಲ ಹೇಳಿಕೊಂಡರು.

“ನಾನು ತಲೆ ಎತ್ತಲಿಲ್ಲ. ಮುಖ ನೋಡಿದ್ರೆ ಅಲ್ಲಿಗೇ ನಿಲ್ಲಿಸಿಬಿಡ್ತಾರೆ ಅನ್ನಿಸ್ತು. ಉಜ್ಜಿದ್ದನ್ನೇ ಉಜ್ಜಿದೆ. ಅವರು ಮುಗಿಸಿದ ಮೇಲೆ, ‘ಮೇಲೆ ಒಬ್ಬರು ಡಾಕ್ಟರ್ ಇದಾರೆ, ಬನ್ನಿ, ನಾನೂ ಬರ್ತೀನಿ’ ಅಂದೆ. ನನಗೆ ಇನ್ನೇನು ಗೊತ್ತು?”

ಕಾಲಣ್ಣನ ಕೆಲಸ ಇವತ್ತಿಗೂ ಇಷ್ಟೇ. ಮಾತು ಬರುವ ತನಕ ಹೊತ್ತು ಕಳೆಯುವುದು, ಬಂದ ಮೇಲೆ ಜೊತೆಯಲ್ಲಿ ಮೆಟ್ಟಿಲು ಹತ್ತುವುದು. ತೊಂದರೆಗೆ ಕಾರಣ ನರದ ಪೆಟ್ಟಿರಬಹುದು, ಸಕ್ಕರೆ ಕಾಯಿಲೆ ಇರಬಹುದು, ಬೇರೆ ಕಾಯಿಲೆಗೆ ನುಂಗುವ ಮಾತ್ರೆಯೂ ಇರಬಹುದು, ಅದನ್ನು ಪತ್ತೆ ಹಚ್ಚುವುದು ಡಾಕ್ಟರ್ ಪಾಲಿನದು. ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಗುಟ್ಟಿನ ಔಷಧಿಗಳ ಜಾಹೀರಾತು ನಂಬಿ ಕೈ ಸುಟ್ಟುಕೊಂಡ ಮೇಲೆ ಬರುವವರೇ ಹೆಚ್ಚು. ಮುಜುಗರಕ್ಕೆ ಹೆದರಿ ಮನುಷ್ಯ ಎಷ್ಟು ದೂರ ಸುತ್ತಿಕೊಂಡು ಬರುತ್ತಾನಲ್ಲ ಎಂದು, ಕಾಲಣ್ಣನ ಬಗ್ಗೆ ಬರೆಯಲು ಬಂದಿರುವ ನನಗೆ ಮರುಕವಾಗುತ್ತದೆ.

ನಿಮಗೇ ಯಾಕೆ ಹೇಳುತ್ತಾರೆ ಎಂದು ಕೇಳಿದೆ. “ನನಗೆ ರ‍್ಯಾಂಕ್ ಇಲ್ಲವಲ್ಲ. ಮೇಲಿನವರಿಗೆ ಹೇಳೋಕೆ ಭಯ, ಕೆಳಗಿನವರಿಗೆ ಹೇಳೋಕೆ ನಾಚಿಕೆ. ನಾನು ಎರಡಕ್ಕೂ ಸೇರಲ್ಲ.”

ಎಡವಟ್ಟೂ ಆಗಿದೆ. ಒಮ್ಮೆ ಸೈನ್ಯದ ಅಡುಗೆಮನೆಯಲ್ಲಿದ್ದ ಹಿರಿಯರೊಬ್ಬರು ಕಾಲು ಟಕ್ ಟಕ್ ಅನ್ನುತ್ತದೆ ಎಂದು ಎರಡು ಸಲ ಬಂದರು. ಕಾಲಣ್ಣ ಬಾಗಿಲು ಮುಚ್ಚಿ, ಟೀ ಕೊಟ್ಟು, “ಮನೇಲಿ ಅಮ್ಮಾವ್ರ ಜೊತೆ ಎಲ್ಲಾ ಚೆನ್ನಾಗಿದೆಯಾ?” ಎಂದು ಮೆಲ್ಲಗೆ ಶುರು ಮಾಡಿದರು. ಹಿರಿಯರು ಲೋಟ ಕೆಳಗಿಟ್ಟು, “ನನ್ನ ಹೆಂಡ್ತಿ ವಿಚಾರ ನಿನಗ್ಯಾಕಯ್ಯ? ಮೊದಲು ಕಾಲು ನೋಡು,” ಎಂದು ದಬಾಯಿಸಿದರು. ನೋಡಿದರೆ ಪಾದದ ಕೀಲಿನ ಸ್ಕ್ರೂ ನಿಜವಾಗಿಯೂ ಮುರಿದಿತ್ತು. “ಅವತ್ತಿಂದ ಮೊದಲು ಕಾಲು, ಆಮೇಲೆ ಬೇರೆ ಮಾತು,” ಎನ್ನುತ್ತಾ ಕಾಲಣ್ಣ ತಮ್ಮ ಕಿವಿ ತಾವೇ ಹಿಂಡಿಕೊಳ್ಳುತ್ತಾರೆ.

ಕೃತಕ ಕಾಲಿನೊಳಗೆ ತೊಡುವ ಹತ್ತಿಯ ಚೀಲಗಳನ್ನು ಕಾಲಣ್ಣನ ಹೆಂಡತಿ ಮನೆಯಲ್ಲೇ ಹೊಲಿದುಕೊಡುತ್ತಾರೆ. ಇವರು ಬರೀ ಗಂಡಸರನ್ನು ಮೇಲಕ್ಕೆ ಕರೆದೊಯ್ಯುತ್ತಿದ್ದುದನ್ನು ಕಂಡು ಆಕೆ ಒಂದು ದಿನ, “ಮನೇಲಿರೋಳಿಗೆ ಯಾರು ಹೇಳ್ತಾರೆ? ಅವಳು ಏನೇನು ಅಂದ್ಕೊಂಡು ಕೂತಿದಾಳೋ!” ಎಂದು ತರಾಟೆಗೆ ತೆಗೆದುಕೊಂಡರಂತೆ. ಅಂದಿನಿಂದ ಕಾಲಣ್ಣ, ಸಾಧ್ಯವಾದರೆ ಹೆಂಡತಿಗೆ ಮೊದಲು ತಿಳಿಸಿ ಎಂದು ಎಲ್ಲರಿಗೂ ಹೇಳುತ್ತಾರೆ.

ವೈರ್‌ಲೆಸ್ ಹೋದ ವಾರವಷ್ಟೇ ಹೆಂಡತಿಗೆ ಹೇಳಿದ್ದಾರೆ. ಮೂರು ವರ್ಷದಿಂದ ಕಾಲು ನೋವಿನ ನೆಪ ಹೇಳಿ ಹಾಲ್‌ನಲ್ಲಿ ಮಲಗುತ್ತಿದ್ದರು. ಆಕೆ ಇವತ್ತು ಜೊತೆಗೆ ಬಂದಿದ್ದಾರೆ. ಹನ್ನೊಂದಕ್ಕೆ ಮಂಡಳಿಯ ಬಾಗಿಲು ತೆರೆದಾಗ ತಾವೂ ಎದ್ದು ನಿಲ್ಲುತ್ತಾರೆ.

“ನಾನೇ ಒಳಗೆ ಹೋಗಿ ಹೇಳ್ಲಾ ಅಣ್ಣಾ? ಇವರ ಬಾಯಲ್ಲಿ ಬರಲ್ಲ.”

“ಬರುತ್ತೆ, ಕೂತ್ಕೊಳಮ್ಮ,” ಎನ್ನುತ್ತಾರೆ ಕಾಲಣ್ಣ.

ಬಾಗಿಲು ಮುಚ್ಚುತ್ತದೆ. ಮೂವರೂ ಬೆಂಚಿನ ಮೇಲೆ ಕೂರುತ್ತೇವೆ. ಆಕೆ ಮಡಿಲ ಮೇಲಿನ ಚೀಲದ ಜಿಪ್ ಎಳೆಯುತ್ತಾರೆ, ಮುಚ್ಚುತ್ತಾರೆ. “ನಾನು ನನ್ನಲ್ಲೇ ಏನೋ ಕೊರತೆ ಅಂದ್ಕೊಂಡಿದ್ದೆ. ತವರಿಗೆ ಹೋಗಿಬಿಡೋಣ ಅಂತ ಎರಡು ಸಲ ಬಟ್ಟೆ ಕೂಡ ತುಂಬಿದ್ದೆ,” ಎಂದು ಯಾರಿಗೂ ಅಲ್ಲದಂತೆ ಹೇಳುತ್ತಾರೆ. ಕೈಗೆ ಕೆಲಸವಿಲ್ಲದೆ ಕಾಲಣ್ಣ ಕುಳಿತದ್ದನ್ನು ನಾನು ನೋಡಿದ್ದು ಆಗ ಮಾತ್ರ, ಅವರಿಗೆ ಕೈ ಎಲ್ಲಿಡಬೇಕೆಂದೇ ತೋಚುತ್ತಿರಲಿಲ್ಲ.

ಬಾಗಿಲು ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ. ವೈರ್‌ಲೆಸ್ ಬಂದು ಹೆಂಡತಿಯ ಪಕ್ಕ ಕೂರುತ್ತಾರೆ, ಹಣೆಯ ಬೆವರು ಒರೆಸಿಕೊಳ್ಳುತ್ತಾರೆ.

“ಹೇಳಿದೆ.”

“ಎಲ್ಲಾನೂ?”

“ಎಲ್ಲಾನೂ. ಯಾರೂ ನಗಲಿಲ್ಲ ಕಣೇ. ಮಂಡಳಿಯ ಮೇಡಂ, ‘ಇದೂ ಆ ಗಾಯದ್ದೇ, ಮುಂಚೆನೇ ಹೇಳಬೇಕಿತ್ತು’ ಅಂದ್ರು. ಒಪ್ಪಿ ಸಹಿ ಹಾಕಿದ್ರು.”

“ಏನಂತ ಹೇಳಿದ್ರಿ?”

ವೈರ್‌ಲೆಸ್ ನೆಲ ನೋಡುತ್ತಾರೆ. “ಗಾಯ ಕಾಲಿಗೆ ಮಾತ್ರ ಆಗಿದ್ದಲ್ಲ ಮೇಡಂ, ಮೂರು ವರ್ಷದಿಂದ ನಾನು ಗಂಡ ಅಂತ ಮನೇಲಿ ಇಲ್ಲ, ಅಂದೆ.”

“ಇದ್ರಿ,” ಎನ್ನುತ್ತಾರೆ ಆಕೆ. “ಹಾಲ್‌ನಲ್ಲಿದ್ರಿ.”

ಮೊದಲು ನಕ್ಕದ್ದು ವೈರ್‌ಲೆಸ್. ಆಮೇಲೆ ಆಕೆ, ಕಣ್ಣೊರೆಸಿಕೊಳ್ಳುತ್ತಲೇ. ಜನ ಓಡಾಡುವ ಆ ಪಡಸಾಲೆಯಲ್ಲಿ ಗಂಡನ ಕೈ ಹಿಡಿದುಕೊಂಡು ಕೂತೇ ಇದ್ದರು. ನನ್ನ ಎದೆಯೂ ಹಗುರಾಯಿತು ಎಂದು ಬರೆಯಲು ನನಗೇನೂ ಸಂಕೋಚವಿಲ್ಲ.

ನಾನು ಕಾಲಣ್ಣನ ಜೊತೆ ಶೆಡ್ಡಿನ ಕಡೆ ನಡೆಯುತ್ತೇನೆ. ನಿಮ್ಮಿಂದ ಒಂದು ಮನೆ ಉಳಿಯಿತು ಎಂದರೆ ಅವರು ಕೈ ಅಡ್ಡ ಆಡಿಸುತ್ತಾರೆ.

“ಅಯ್ಯೋ, ಹಾಗೆಲ್ಲ ಬರೀಬೇಡಿ. ಒಳಗೆ ಹೋಗಿ ಹೇಳಿದವರು ಅವರು. ನಾನು ಬಾಗಿಲ ತನಕ ಬಂದಿದ್ದೆ,” ಎಂದು ನಾಲ್ಕು ಹೆಜ್ಜೆ ನಡೆದವರು ತಮ್ಮಷ್ಟಕ್ಕೆ ತಾವೇ ಸೇರಿಸುತ್ತಾರೆ: “ಬಾಗಿಲ ತನಕ ಯಾರಾದರೂ ಬರಬೇಕಲ್ಲ.”