ಬೆಲ್ ಕೇಳದ ಕೇಜು

ನನ್ನ ಗೇಮನ್ನು ಕದ್ದು ಆಡುತ್ತಿದ್ದವರನ್ನು ಮೊದಲ ಸಲ ಕಣ್ಣಾರೆ ಕಂಡಾಗ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಸಿಟ್ಟು ಬಂದದ್ದು ಆಮೇಲೆ.

ಗಣಿಯೂರು ಉರಿಗಾಂನ ನಮ್ಮ ಮನೆಯಲ್ಲಿ ಕೂತು ನಾನೂ ನನ್ನ ತಂಗಿಯೂ ಮೊಬೈಲಿಗೊಂದು ಗೇಮ್ ಮಾಡಿದ್ದೆವು. ಚಿನ್ನದ ಗಣಿಯ ಗೇಮು. ಜನರನ್ನು ಇಳಿಸುವ ಕಬ್ಬಿಣದ ಲಿಫ್ಟಿಗೆ ನಮ್ಮೂರಲ್ಲಿ ಕೇಜು ಎನ್ನುತ್ತಾರೆ. ಅದರಲ್ಲಿ ಇಳಿದು, ದಾರಿ ಹುಡುಕಿಕೊಂಡು ಮೇಲೆ ಬರಬೇಕು. ದುಡ್ಡು ಕೊಟ್ಟು ಕೊಂಡು ಆಡುವಂಥದ್ದು. ನಡುನಡುವೆ ಜಾಹೀರಾತು ತುರುಕುವುದು ನನಗೆ ಸುತರಾಂ ಇಷ್ಟವಿಲ್ಲ, ಉಣ್ಣುವವರನ್ನು ಎಬ್ಬಿಸಿದ ಹಾಗೆ. ಕದ್ದ ಕಾಪಿಗಳಿಗೆಂದೇ ತಂಗಿ ಒಂದು ಬೀಗ ಹಾಕಿದ್ದಳು: ಮೂರನೇ ಲೆವೆಲ್‌ನಲ್ಲಿ ಕೇಜು ನಿಂತುಬಿಡುತ್ತದೆ, ಏನು ಮಾಡಿದರೂ ಅಲ್ಲಾಡದು. ಬೀಗವೇನೋ ಭದ್ರ, ಕೊಳ್ಳುವವರೇ ಇಲ್ಲ.

“ಯುಗಾದಿಗಂಟ ನೋಡ್ತೀನಿ ಕಣಕ್ಕ. ಆಮೇಲೆ ವಾಪಸ್ ಫ್ಯಾಕ್ಟರಿಗೆ ಓಗ್ತೀನಿ,” ಎಂದಿದ್ದಳು. ಕೋಡ್ ಬರೆಯುವವಳು ಅವಳು. ಅವಳು ಹೋದರೆ ಗೇಮು ಅಲ್ಲಿಗೇ ಮುಗಿಯಿತು.

ಆ ದಿನ ಬೆಳಗಿನ ರೈಲಿನಲ್ಲಿ ಬಂಗಾರಪೇಟೆಗೆ ಹೊರಟಿದ್ದೆ. ಆ ರೈಲಿನಲ್ಲಿ ದಿನಾ ಓಡಾಡುವವರದು ಒಂದೊಂದು ಬೋಗಿಯಲ್ಲಿ ಒಂದೊಂದು ಗುಂಪು. ಚಿತ್ರಾನ್ನ ತಂದರೂ ಎಲ್ಲರಿಗೂ, ಫೋನಿಗೆ ಸಿನಿಮಾ ಬಂದರೂ ಎಲ್ಲರಿಗೂ. ಹಂಚದವನು ಜುಗ್ಗ. ಹಾಗೇ ಹಂಚಿಕೊಂಡು ಬಂದಿತ್ತು ನಮ್ಮ ಗೇಮು. ಎದುರು ಕೂತವರ ಫೋನುಗಳಲ್ಲೆಲ್ಲ ಅದೇ.

ಎಲ್ಲರ ಕೇಜೂ ಮೂರನೇ ಲೆವೆಲ್‌ನಲ್ಲಿ ನಿಂತಿತ್ತು. ಆದರೂ ಯಾರೂ ಆಟ ಬಿಟ್ಟಿರಲಿಲ್ಲ. ಕೇಜಿನ ಪಕ್ಕ ನಾನು ಅಂದಕ್ಕೆಂದು ಬರೆದಿದ್ದ ಬೆಲ್ಲನ್ನು ಒಂದೇ ಸಮ ಕುಟ್ಟುತ್ತಿದ್ದರು.

“ಕೇಜಿಗೆ ಜನ ಅತ್ತವ್ರೆ ಅಂತ ಮೊದ್ಲು ಮೂರು ಒಡೀಲಾ. ಆಮೇಲೆ ಇಳ್ಸು ಅಂತ ಎರಡು,” ಎಂದರು ಕಿಟಕಿ ಪಕ್ಕದ ಹಿರಿಯರು.

“ಒಡ್ದೆ ಮಾಮ, ಅಲ್ಲಾಡ್ತಿಲ್ಲ,” ಎಂದ ಪಕ್ಕದ ಮೀಸೆಯಾತ.

“ನಿಧಾನಕ್ಕೆ ಒಡೀಬೇಕು ಕಣ್ಲಾ. ನಮ್ಮಪ್ಪ ನಂದಿದುರ್ಗ ಗಣಿಯಾಗೆ ಇಳೀತಿದ್ದಾಗ ಇಂಗ್ ದಡಬಡ ಅಂದ್ರೆ ಕೇಜು ಬಿಡ್ತಾನೇ ಇರ್ಲಿಲ್ಲ.”

ಆಗ ನನಗೆ ಹೊಳೆಯಿತು. ಬೇರೆ ಊರಿನವರಾಗಿದ್ದರೆ ಗೇಮು ಕೆಟ್ಟಿದೆ ಎಂದು ಅಳಿಸಿಹಾಕುತ್ತಿದ್ದರು. ಇವರು ಗಣಿಯವರ ಮಕ್ಕಳು, ಬೆಲ್ ಹೊಡೆಯದೆ ಕೇಜು ಕದಲದು ಎಂದು ಕೇಳಿಯೇ ಬೆಳೆದವರು. ನಮ್ಮ ಬೀಗವನ್ನೇ ಆಟ ಅಂದುಕೊಂಡಿದ್ದರು. ನಗುವೂ ಸಿಟ್ಟೂ ಒಟ್ಟಿಗೇ ಉಕ್ಕಿದವು. ಮೊದಲೇ ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ.

“ಅದು ನಾನು ಮಾಡಿರೋ ಗೇಮು. ಕದ್ದ ಮಾಲು, ಅದ್ಕೇ ನಿಂತೈತೆ. ಸಾಯಂಕಾಲದ ತಂಕ ಕುಟ್ಟಿದ್ರೂ ಇಳಿಯಲ್ಲ,” ಎಂದೆ.

ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ದುಡ್ಡು ಕೊಟ್ಟೋರ ಕೇಜು ಬೆಲ್ ಮಾತು ಕೇಳ್ತದೇನಮ್ಮ?”

ಕೇಳುವುದಿಲ್ಲ. ದುಡ್ಡು ಕೊಟ್ಟವರಿಗೆ ಕೇಜು ತಂತಾನೇ ಇಳಿಯುತ್ತದೆ, ಬೆಲ್ ಬರೀ ಚಿತ್ರ. ಹಾಗೇ ಹೇಳಿದೆ.

“ಅಂಗಾದ್ರೆ ನಮ್ದೇ ಚೆನ್ನಾಗೈತೆ ಬಿಡಮ್ಮ,” ಎಂದು ಅವರು ಮತ್ತೆ ಕುಟ್ಟತೊಡಗಿದರು.

ಕೆನ್ನೆಗೆ ಬಾರಿಸಿದ ಹಾಗಾಯಿತು. ಆದರೆ ಆ ಏಟಿಗೇ ನನ್ನ ತಲೆ ಓಡತೊಡಗಿತು. ಬಂಗಾರಪೇಟೆಯಲ್ಲಿ ಇಳಿದವಳೇ ಪ್ಲಾಟ್‌ಫಾರ್ಮಿನಲ್ಲಿ ನಿಂತು ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ಬೀಗ ಇನ್ನೂ ಬಿಗಿ ಮಾಡಾನ?” ಎಂದಳು.

“ಬೀಗದ ಮನೆ ಆಳಾಗ. ಕೇಜು ಕೇಳೋ ಬೆಲ್ ಆಕು,” ಎಂದೆ.

ಆಮೇಲೆ ನಮಗಿಬ್ಬರಿಗೂ ಊಟದ ಮೇಲೆ ಗ್ಯಾನವಿಲ್ಲ. ರೈಲಿನವರ ಬಾಯಿಂದ ಒಂದೊಂದು ಬೆಲ್ಲಿನ ಲೆಕ್ಕ ಕೇಳಿಕೊಂಡು ಬರುತ್ತಿದ್ದೆ, ಅವಳು ಗೇಮಿಗೆ ಕೂಡಿಸುತ್ತಿದ್ದಳು. ಬೆಲ್ ಕಲಿಸಿಕೊಟ್ಟವರ ಕೇಜನ್ನೇ ನಿಲ್ಲಿಸುವುದು ಹೇಗೆ ಎಂದು ಬೀಗವನ್ನು ತೆಗೆದೇಬಿಟ್ಟೆವು. ಈಗ ಕದ್ದರೂ ಪೂರ್ತಿ ಆಡಬಹುದು. ತಂಗಿಗೆ ಅದೇ ಪುಕುಪುಕು.

ಯುಗಾದಿಯ ಹಿಂದಿನ ವಾರ ಅವಳನ್ನೂ ಅದೇ ರೈಲಿಗೆ ಹತ್ತಿಸಿದೆ. ಹಿರಿಯರು ನಮ್ಮೆದುರಿಗೇ ಹೊಸ ಗೇಮು ಕೊಂಡರು. ನಿಧಾನಕ್ಕೆ ಮೂರು ಹೊಡೆದರು, ತಾಳಿದರು, ಎರಡು ಹೊಡೆದರು. ಕೇಜು ಮೂರನೇ ಲೆವೆಲ್ ದಾಟಿ ಕತ್ತಲೆಗೆ ಇಳಿಯಿತು.

ಮೀಸೆಯಾತ ತನ್ನ ಫೋನ್ ಚಾಚಿದ. “ನಂಗೂ ಕಳ್ಸು ಮಾಮ.”

ಅವರು ಫೋನನ್ನು ಅಂಗಿ ಜೇಬಿಗೆ ಇಳಿಸಿಕೊಂಡರು. “ನಿಮ್ಮಪ್ಪನೂ ಕೇಜ್ನಾಗೆ ಇಳ್ದೋನೇ ಕಣ್ಲಾ. ಕೊಂಡ್ಕೊಂಡು ಇಳಿ.”

ತಂಗಿ ನನ್ನ ಮೊಣಕೈ ಹಿಂಡಿದಳು. “ಇನ್ನೂ ಆಳಕ್ಕೆ ಮಾಡ್ಬೇಕು ಕಣಕ್ಕ. ಇವ್ರಿಗೆ ಇಷ್ಟು ಸಾಲಲ್ಲ.”