ಬಹುಮತದ ರಸಾಯನಶಾಸ್ತ್ರ

ತೊಂಬತ್ತರ ದಶಕದ ನಡುವಿನಲ್ಲಿ, ಜಯನಗರದ ನಮ್ಮ ಮನೆಯ ವರಾಂಡದಲ್ಲಿ, ರಸಾಯನಶಾಸ್ತ್ರದ ಉತ್ತರಗಳನ್ನು ಕೈಯೆತ್ತಿ ತೀರ್ಮಾನಿಸಲಾಗುತ್ತಿತ್ತು. ಇದು ಉತ್ಪ್ರೇಕ್ಷೆಯಲ್ಲ. ಮೊದಲನೆಯ ಪಿಯುಸಿಯ ನಾವು ಆರು ಮಂದಿ ಭಾನುವಾರಗಳಂದು ಅಲ್ಲಿ ಸೇರುತ್ತಿದ್ದೆವು. ಅದಕ್ಕೆ ‘ಕಂಬೈಂಡ್ ಸ್ಟಡಿ’ ಎಂಬ ಘನವಾದ ಹೆಸರಿತ್ತು. ಒಬ್ಬರು ಪ್ರಶ್ನೆ ಓದಬೇಕು, ಉಳಿದವರು ಲೆಕ್ಕ ಮಾಡಬೇಕು, ಉತ್ತರಗಳು ಹೊಂದದಿದ್ದರೆ ಮತಕ್ಕೆ ಹಾಕಬೇಕು. ಹೆಚ್ಚು ಕೈಗಳು ಯಾವುದಕ್ಕೆ ಏಳುತ್ತಿದ್ದವೋ ಅದೇ ಸರಿಯುತ್ತರ. ನಮ್ಮ ಉಪನ್ಯಾಸಕರು ಬಿಡುವಿನ ವೇಳೆಯಲ್ಲೆಲ್ಲ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಪತ್ರಿಕೆ ಓದುತ್ತ ಕುಳಿತಿರುತ್ತಿದ್ದರು. ಅವರನ್ನು ಹೋಗಿ ಕೇಳುವುದು ಮಾತ್ರ ಮರ್ಯಾದೆಗೆ ಕಡಿಮೆ.

ಈ ಪ್ರಜಾಪ್ರಭುತ್ವದ ನಾಯಕ ಬನಶಂಕರಿಯ ಒಬ್ಬ ಹುಡುಗ. ಎಲ್ಲರೂ ಅವನನ್ನು ‘ಗುರು’ ಎನ್ನುತ್ತಿದ್ದರು. ಬೆಂಗಳೂರಿನಲ್ಲಿ ಆಟೋದವರನ್ನೂ ಹಾಗೆಯೇ ಕರೆಯುತ್ತಾರೆ. ಆದರೆ ಇವನು ಆ ಪದವಿಯನ್ನು ನಿಜವೆಂದೇ ನಂಬಿಬಿಟ್ಟಿದ್ದ. ನಮ್ಮ ತಾಯಿ ಮಾಡಿಕೊಟ್ಟ ಉಪ್ಪಿಟ್ಟನ್ನು ಎರಡನೆಯ ಸಲ ಬಡಿಸಿಕೊಳ್ಳುತ್ತ ಅವನು ಬೋಧಿಸುತ್ತಿದ್ದುದು ಹೀಗೆ:

“ಮೋಲ್ ಅಂದ್ರೆ ಏನು ಅಂತೆಲ್ಲ ತಲೆ ಕೆಡಿಸ್ಕೋಬೇಡ ಮಗಾ. ಏನೇ ಕೊಡ್ಲಿ, ಇಪ್ಪತ್ತೆರಡು ಪಾಯಿಂಟ್ ನಾಲ್ಕರಿಂದ ಡಿವೈಡ್ ಮಾಡು. ಸಖತ್ ಶಾರ್ಟ್‌ಕಟ್.”

ಮೋಲ್ ಎಂದರೆ ಡಜನ್ ಇದ್ದಂತೆ, ಕಣಗಳನ್ನು ಎಣಿಸುವ ಒಂದು ಅಳತೆ. ಆ ಸಂಖ್ಯೆ ಮಾತ್ರ ಅನಿಲಗಳದ್ದು. ನಿಗದಿತ ಉಷ್ಣತೆ ಮತ್ತು ಒತ್ತಡದಲ್ಲಿ ಒಂದು ಮೋಲ್ ಅನಿಲ ಅಷ್ಟು ಲೀಟರ್ ಜಾಗ ಹಿಡಿಯುತ್ತದೆ, ಅಷ್ಟೆ. ಅದನ್ನು ನೀರಿಗೆ ಅನ್ವಯಿಸಿದರೆ ಒಂದು ಮೋಲ್ ನೀರು ಬಕೆಟ್ ತುಂಬಿ ಹೊರಚೆಲ್ಲಬೇಕಾಗುತ್ತದೆ. ವಾಸ್ತವದಲ್ಲಿ ಅದು ಹದಿನೆಂಟು ಗ್ರಾಂ. ಕೆಮ್ಮಿನ ಔಷಧದ ಮುಚ್ಚಳದಲ್ಲಿ ಎರಡು ಸಲಕ್ಕೂ ಸಾಲದಷ್ಟು. ಸಂಖ್ಯೆಯ ಪಕ್ಕದಲ್ಲಿ ಲೀಟರ್, ಗ್ರಾಂ ಎಂದು ಬರೆಯುವ ಅಭ್ಯಾಸವಿದ್ದವರಿಗೆ ಈ ಭ್ರಮೆ ಹುಟ್ಟುವುದಿಲ್ಲ. ಆ ಗುಂಪಿನಲ್ಲಿ ಅಂಥ ಅಭ್ಯಾಸವಿದ್ದವಳು ನಾನೊಬ್ಬಳೇ. ಅದಕ್ಕಾಗಿ ನನಗೆ ‘ಟೀಚರಮ್ಮ’ ಎಂಬ ಬಿರುದೂ ದೊರೆತಿತ್ತು.

ಗುಂಪಿಗೆ ಕೊನೆಯದಾಗಿ ಸೇರಿದವಳು ವಿಜಾಪುರದ ಕಡೆಯ ಒಬ್ಬ ಹುಡುಗಿ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ ಅಣ್ಣನೊಂದಿಗೆ ಇದ್ದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳು ಕೆಮಿಸ್ಟ್ರಿಯಲ್ಲಿ ಫೇಲಾಗಿದ್ದಳು. ವಾರ್ಷಿಕ ಪರೀಕ್ಷೆಯಲ್ಲೂ ಹಾಗಾದರೆ ಊರಿಗೆ ಹಿಂದಿರುಗಬೇಕು, ಕಾಲೇಜು ಅಲ್ಲಿಗೆ ಮುಗಿಯಿತು ಎಂದು ಅಣ್ಣ ಖಚಿತವಾಗಿ ಹೇಳಿದ್ದ. ಇದು ನಮ್ಮೆಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಉಳಿದವರು ಅವಳನ್ನು ಆ ವರಾಂಡದಲ್ಲಿ ಕೂರಿಸಿಕೊಂಡು ಸಹಾಯ ಮಾಡುತ್ತಿದ್ದೇವೆಂದು ಬೀಗುತ್ತಿದ್ದರು.

ಒಂದು ಭಾನುವಾರ ಬಂದ ಪ್ರಶ್ನೆ: ಮೂವತ್ತಾರು ಗ್ರಾಂ ನೀರಿನಲ್ಲಿ ಎಷ್ಟು ಮೋಲ್? ನಾಯಕ ಕ್ಯಾಲ್ಕುಲೇಟರ್ ಒತ್ತಿ “ಒಂದು ಪಾಯಿಂಟ್ ಆರು” ಎಂದ.

“ನನಗ ಎರಡು ಬಂತು,” ಎಂದಳು ಆ ಹುಡುಗಿ. “ಹದಿನೆಂಟರಿಂದ ಭಾಗಿಸೀನಿ. ನಿಮ್ಮದು ಗಾಳಿ ಲೆಕ್ಕ ಅಲ್ರೀ? ಇದು ನೀರೈತಿ.”

“ಅಯ್ಯೋ, ನೀರು ಕಾಯ್ಸಿದ್ರೆ ಗ್ಯಾಸೇ ಆಗೋದು ಕಣಮ್ಮ!”

ಎಲ್ಲರೂ ನಕ್ಕರು. ಅವಳದೇ ಸರಿ ಎಂದು ನಾನು ವಿವರಿಸಲು ಹೊರಟೆ.

“ಟೀಚರಮ್ಮ, ಕ್ಲಾಸ್ ಬೇಡ, ವೋಟ್ ಹಾಕು,” ಎಂದ ನಾಯಕ. “ನೀವಿಬ್ರು, ನಾವ್ ನಾಲ್ಕು. ಮುಗೀತಲ್ಲ?”

ಮುಗಿಯಿತು. ಅವಳು ತಾನು ಬರೆದಿದ್ದ ಎರಡನ್ನು ಹೊಡೆದುಹಾಕಿ, ಮೇಲೆ ಒಂದು ಪಾಯಿಂಟ್ ಆರು ಎಂದು ಬರೆದಳು. ಸರಿಯಾದ ಉತ್ತರವೊಂದು ಸೌಜನ್ಯಕ್ಕಾಗಿ ಸಾಯುವುದನ್ನು ನಾನು ಅಷ್ಟು ಹತ್ತಿರದಿಂದ ಹಿಂದೆಂದೂ ನೋಡಿರಲಿಲ್ಲ.

ಮುಂದಿನ ಭಾನುವಾರ ಅವಳು ಬರಲಿಲ್ಲ. “ಸೀರಿಯಸ್‌ನೆಸ್ಸೇ ಇಲ್ಲ ಅವ್ಳಿಗೆ,” ಎಂದು ನಾಯಕ ಉಪ್ಪಿಟ್ಟು ಮೆಲ್ಲುತ್ತ ವ್ಯಥೆಪಟ್ಟ. ಆ ವಾರವೇ ಅವಳು ನನಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಸಿಕ್ಕಳು, ಕೈಯಲ್ಲಿ ಪಠ್ಯಪುಸ್ತಕ.

“ನಮ್ಮನೆಗೆ ಒಬ್ಳೇ ಬಾ, ನಾನು ಹೇಳ್ಕೊಡ್ತೀನಿ,” ಎಂದೆ.

“ಬ್ಯಾಡ ಬಿಡು. ಸರ್ ಕನ್ನಡದಾಗ ಹೇಳ್ತಾರ, ಕೇಳಿದಷ್ಟು ಸಲ ಹೇಳ್ತಾರ. ನಿಮ್ಮಲ್ಲಿ ಎಲ್ಲಾರೂ ಹೇಳ್ತೀರಿ, ಯಾರಿಗೂ ಬರೂದಿಲ್ಲ.”

ಆ ‘ಎಲ್ಲಾರೂ’ ಎಂಬುದರಲ್ಲಿ ನನ್ನನ್ನೂ ಸೇರಿಸಿದ್ದು ನನಗೆ ಅಂದೂ ಹಿಡಿಸಲಿಲ್ಲ, ಇಂದೂ ಹಿಡಿಸುವುದಿಲ್ಲ. ಆದರೆ ಪರೀಕ್ಷೆಯವರೆಗೂ ಅವಳು ಆ ಬಾಗಿಲನ್ನು ಬಿಡಲಿಲ್ಲ. ನಮ್ಮ ವರಾಂಡದಲ್ಲಿ ಕೈಗಳು ಏಳುತ್ತಲೇ ಇದ್ದವು.

ಫಲಿತಾಂಶದ ದಿನ ನೋಟಿಸ್ ಬೋರ್ಡಿನಲ್ಲಿ ಅವಳ ಸಂಖ್ಯೆ ಇತ್ತು. ನಾಯಕನದೂ ಇತ್ತು, ನ್ಯಾಯವೆಂಬುದು ರಸಾಯನಶಾಸ್ತ್ರದ ಪಠ್ಯಕ್ರಮದಲ್ಲಿಲ್ಲ. ಅವನು ಅವಳನ್ನು ಕಂಡವನೇ ಕೂಗಿದ:

“ನೋಡ್ರೋ, ನಮ್ ಗ್ರೂಪ್ ಹುಡುಗಿ! ಅಷ್ಟು ಹೇಳ್ಕೊಟ್ಟಿದ್ದು ವೇಸ್ಟ್ ಆಗ್ಲಿಲ್ಲ. ಮಸಾಲೆ ದೋಸೆನಾದ್ರೂ ಕೊಡ್ಸಮ್ಮಾ!”

ಅವಳು ನಿಲ್ಲದೆ ಗೇಟು ದಾಟಿ ಎದುರಿನ ಟೆಲಿಫೋನ್ ಬೂತ್ ಹೊಕ್ಕಳು. ನಾವೂ ಅವಳ ಹಿಂದೆಯೇ ಹೋದೆವು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ; ಅಣ್ಣನ ಆಫೀಸಿಗೆ ಮಾಡಿದ ಫೋನು ನಮಗೂ ಕೇಳಿಸಿತು.

“ಅಣ್ಣಾ, ಕೆಮಿಸ್ಟ್ರಿ ಪಾಸಾತು. ನಾ ಊರಿಗೆ ಹೋಗೂದಿಲ್ಲ.” ಆ ಕಡೆಯಿಂದ ಏನೋ ಪ್ರಶ್ನೆ ಬಂದಿರಬೇಕು. “ಹೂಂ, ಕಣ್ಣಾರೆ ನೋಡೀನಿ. ಹೋಗೂದಿಲ್ಲ.”

ನಾಯಕ ಹೊರಗಿನಿಂದ ಗಾಜು ತಟ್ಟಿ ‘ದೋಸೆ, ದೋಸೆ’ ಎಂದು ಸನ್ನೆ ಮಾಡುತ್ತಿದ್ದ. ಅವಳು ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿ, ನಮಗೆ ಬೆನ್ನು ಮಾಡಿ, ಮಾತು ಮುಂದುವರಿಸಿದಳು.