ತಾಯಂದಿರ ಸಭೆಗೆ ನಾನು ಹೋದದ್ದು

ಹೆಣ್ಣುಮಕ್ಕಳಿಗೆ ಧೈರ್ಯ ಕಲಿಸುವ ತರಬೇತಿಗೆ ಮಗಳು ಬಳ್ಳಾರಿಗೆ ಹೋಗಬೇಕಿತ್ತು. ಅದಕ್ಕೂ ಮೊದಲು ಸಿರಿಗೇರಿಯಲ್ಲಿ ತಾಯಂದಿರ ಸಭೆ. ತಾಯಿ ಬಂದು ಒಪ್ಪಿದರೆ ಮಾತ್ರ ಕರೆದೊಯ್ಯುತ್ತಾರಂತೆ. ನಾನು ಹೋದೆ.

ಬಾಗಿಲಲ್ಲೇ ತರಬೇತಿಯ ಮೇಡಂ ತಡೆದರು.

"ಗಂಡಸರಿಗೆ ಇಲ್ಲರಿ. ಹುಡುಗಿ ತಾಯಿನ್ನ ಕಳಸ್ರಿ."

"ಆಕಿ ತೀರಿಕೊಂಡು ವರ್ಷ ಆತ್ರಿ."

"ಹಂಗಾರ ಅಜ್ಜಿ, ಚಿಗವ್ವ, ಯಾರರ?"

ಯಾರೂ ಇಲ್ಲ. ಮಗಳು ಮುಂದೆ ಬಂದಳು.

"ದಿನಾ ನನಗ ಜಡಿ ಹಾಕೋದು ನಮ್ಮಪ್ಪನ ರೀ, ಮೇಡಂ. ಒಳಗ ಬಿಡ್ರಿ."

ಅವಳ ಸೊಟ್ಟ ಜಡೆ ನೋಡಿ ಮೇಡಂ ನಂಬಿದರು.

ಹುಡುಗಿಯರು ಹೆದರದೆ ಮಾತಾಡುವಂತೆ ಬೆಳೆಸುವುದು ಹೇಗೆಂದು ಒಳಗೆ ಒಂದು ತಾಸು ನಮಗೆ ಹೇಳಿಕೊಟ್ಟರು. ನಾನು ಒಪ್ಪಿದೆ. ಹೊರಡುವಾಗ ತಾಯಂದಿರಿಗೆಲ್ಲ ರವಿಕೆಗೆಂದು ಜಂಪರ್ ಪೀಸ್ ಕೊಟ್ಟರು, ನನಗೂ. ಮನೆಗೆ ತಂದು ಹೆಂಡತಿಯ ಫೋಟೋ ಮುಂದೆ ಇಟ್ಟೆ. ಬೂದಿ ಬಣ್ಣದ್ದು. ಅವಳು ಇದ್ದಿದ್ದರೆ, ಬದಲಾಯಿಸಿಕೊಂಡು ಬಾ ಅಂತ ವಾಪಸ್ ಕಳಿಸುತ್ತಿದ್ದಳು.